ಕಾಕಾನ ಉದ್ರಿ ವಹಿ, ಕ್ಲೌಡ್‌ನ ಸಿಆರ್‌ಎಂ: ಗಿರಾಕಿಯ ನೆನಪು ಯಾರ ಕೈಯಾಗ ಇರಬೇಕು?

ಜಿಡಗಾದಿಂದ ಮಾತಾಡ್ತಾ ಇದ್ದೀನಿ. ಆಳಂದ ತಾಲ್ಲೂಕಿನ ನಮ್ಮ ಊರನ್ನು ಹೊರಗಿನವರು ಮಠದ ಹೆಸರಿನಿಂದ ಗುರುತಿಸ್ತಾರೆ, ನಾವು ನಮ್ಮ ನಮ್ಮ ಹೊಲದ ಹೆಸರಿನಿಂದ ಗುರುತಿಸಿಕೊಳ್ತೀವಿ. ಹಿಂದೆ ಸಪ್ಪಳ ಕೇಳಿದ್ರೆ ಸ್ವಲ್ಪ ಸಹಿಸಿಕೊಳ್ರಿ, ತೊಗರಿ ರಾಶಿ ನಡೆದದ. ಕಿಟಕಿ ಹಾಕಿದ್ರೂ ಮಷಿನ್ ಸದ್ದು ಒಳಗೆ ಬರ್ತದ.

ಹೋದ ಸಲ ಜಿಎಸ್‌ಟಿ ಬಗ್ಗೆ ಮಾತಾಡಿದ ಮೇಲೆ ಜೇವರ್ಗಿಯಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ನಂದು ಪೈಪು, ಮೋಟಾರಿನ ಅಂಗಡಿ. ಯಾರೋ ಫೋನ್ ಮಾಡಿ ಸಿಆರ್‌ಎಂ ತಗೋರಿ ಅಂತ ಬೆನ್ನು ಹತ್ಯಾರ. ಅದು ಏನು? ನಮ್ಮಂಥವರಿಗೆ ಬೇಕಾ?" ಅಂತ. ಈ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಕೊಡಬಹುದಿತ್ತು. ಆದ್ರೆ ಇದು ನಮ್ಮ ಮನೆಯೊಳಗೇ ನಡೆದ ಕಥೆ, ನನ್ನ ಹಳೆಯ ನೌಕರಿಯ ಕಥೆಯೂ ಹೌದು. ಅದಕ್ಕೇ ಇವತ್ತಿನ ಇಡೀ ಸಂಚಿಕೆ ಇದಕ್ಕೇ ಇಟ್ಟೀನಿ.

ಮೊದಲು ಮನೆಯ ಕಥೆ.

ನಮ್ಮ ಕಾಕಾಂದು ಆಳಂದದಲ್ಲಿ ಬೀಜ, ಗೊಬ್ಬರ, ಎಣ್ಣಿ ಮಾರುವ ಅಂಗಡಿ. ಎಣ್ಣಿ ಅಂದ್ರೆ ಅಡುಗೆ ಎಣ್ಣಿ ಅಲ್ಲ, ಬೆಳೆಗೆ ಹೊಡೆಯೋ ಔಷಧಿ. ನಮ್ಮ ಕಡೆಯವರಿಗೆ ಇದು ಹೇಳಬೇಕಾಗಿಲ್ಲ, ದಕ್ಷಿಣದ ಕಡೆ ಕೇಳೋರಿಗೆ ಹೇಳಿದೆ. ಮೂವತ್ತು ವರ್ಷದ ವ್ಯಾಪಾರ. ಗಿರಾಕಿ ಮೆಟ್ಟಿಲು ಹತ್ತೋದ್ರೊಳಗೆ ಕಾಕಾಗೆ ಎಲ್ಲ ಗೊತ್ತಿರೋದು: ಇವನದು ಎಷ್ಟು ಎಕರೆ, ಎರಿ ಹೊಲನೋ ಮಸಾರಿನೋ, ಹೋದ ವರ್ಷ ಯಾವ ಬೀಜ ಒಯ್ದಿದ್ದ, ನೆಟೆ ರೋಗ ಬಂದಿತ್ತಾ, ಹಳೆ ಬಾಕಿ ಎಷ್ಟು, ಮಗಳ ಮದುವೆ ಯಾವಾಗ. ಉದ್ರಿ ವಹಿ ಒಂದಿತ್ತು. ಕೆಂಪು ಬಟ್ಟೆ ಹೊದಿಕೆಯ ಉದ್ದನೆ ವಹಿ, ದೀಪಾವಳಿಗೆ ಪೂಜೆ ಮಾಡಿ ಹೊಸದು ಶುರು ಮಾಡ್ತಿದ್ರು. ಆದರೆ ಅದರಲ್ಲಿ ಬರೆದಿದ್ದು ಅರ್ಧ. ಉಳಿದರ್ಧ ಕಾಕಾನ ತಲೆಯೊಳಗೆ.

ಒಂದು ಮುಂಜಾನೆ ಕಾಕಾಗೆ ಲಕ್ವಾ ಹೊಡೀತು. ಬಲಗೈ ಬಿತ್ತು, ಮಾತು ಹೋಯ್ತು. ಕಲಬುರಗಿಗೆ ಒಯ್ದೆವು, ಜೀವ ಉಳೀತು. ತಿಂಗಳ ಮೇಲೆ ನನ್ನ ತಮ್ಮ, ಅಂದ್ರೆ ಕಾಕಾನ ಮಗ, ಅಂಗಡಿ ಬಾಗಿಲು ತೆಗೆದು ವಹಿ ಬಿಚ್ಚಿ ಕೂತ. ನನ್ನನ್ನೂ ಕರೆದ, ಬಿ.ಕಾಂ ಓದಿದವ ಅಂತ. ವಹಿಯಲ್ಲಿ ಏನಿತ್ತು ಅಂತೀರಿ? "ಹಳ್ಳದ ಶರಣಪ್ಪ – 4 – ರಾಶಿಗೆ." ಅಷ್ಟೇ. ಯಾವ ಶರಣಪ್ಪ? ನಾಲ್ಕು ಚೀಲವೋ, ನಾಲ್ಕು ಸಾವಿರವೋ? ಯಾವ ರಾಶಿಗೆ, ಹೆಸರಿನ ರಾಶಿಗೋ ತೊಗರಿ ರಾಶಿಗೋ? ಪಕ್ಕದಲ್ಲಿ ಒಂದು ಸಣ್ಣ ಸೊನ್ನೆ. ಆ ಸೊನ್ನೆ ಏನು ಹೇಳ್ತದ ಅಂತ ಕಾಕಾ ಒಬ್ಬರಿಗೇ ಗೊತ್ತು, ಅವರಿಗೆ ಮಾತಿಲ್ಲ.

ಒಂದು ಮಾತು ಹೇಳಲೇಬೇಕು. ಭಾಳ ಮಂದಿ ತಾವಾಗೇ ಬಂದು ಕೊಟ್ಟು ಹೋದ್ರು. "ಸಾವ್ಕಾರ್ರು ಆರಾಮ ಆಗ್ಲಿ, ನಂದು ಇಷ್ಟದ ನೋಡಪಾ" ಅಂತ ಎಣಿಸಿ ಇಟ್ಟರು. ಬರದವರೂ ಇದ್ದರು. ಆದ್ರೆ ದೊಡ್ಡ ನಷ್ಟ ಉದ್ರಿಯದ್ದಲ್ಲ. ಮುಂದಿನ ಮುಂಗಾರಿಗೆ ಗಿರಾಕಿ ಬಂದು ನಿಂತಾಗ ತಮ್ಮ ಕೇಳ್ತಿದ್ದ, "ಏನ್ ಬೇಕ್ರಿ?" ಕಾಕಾ ಎಂದೂ ಹಾಗೆ ಕೇಳಿದವರಲ್ಲ. "ಆ ಮ್ಯಾಲಿನ ಹೊಲಕ್ಕ ಈ ಸಲ ಬ್ಯಾರೆ ಬೀಜ ಹಾಕು" ಅಂತಿದ್ರು. ಒಂದೇ ಹಂಗಾಮಿನಲ್ಲಿ ಎಷ್ಟೋ ಜನ ಎದುರಿನ ಅಂಗಡಿಗೆ ಹೋದ್ರು. ಸಿಟ್ಟಿನಿಂದ ಹೋಗಲಿಲ್ಲ. ಇಲ್ಲಿ ತಮ್ಮನ್ನು ಗುರುತಿಸೋರು ಇಲ್ಲ ಅಂತ ಹೋದ್ರು.

ಸಿಆರ್‌ಎಂ ಅಂದ್ರೆ ಇದೇ ನೋಡ್ರಿ. ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಒಬ್ಬನ ತಲೆಯಲ್ಲಿದ್ದ ಗಿರಾಕಿಯ ನೆನಪನ್ನು ಇಡೀ ಅಂಗಡಿಯ ನೆನಪು ಮಾಡೋದು.

ಇಲ್ಲಿ ಕಾಮರ್ಸ್ ಓದಿದವರು ಕೇಳ್ತಾರೆ: ಇದಕ್ಕೆ ಟ್ಯಾಲಿ ಇದೆಯಲ್ಲ? ಟ್ಯಾಲಿ ನಮ್ಮ ಬೆಂಗಳೂರಿನದೇ, 1986ರಲ್ಲಿ ಶ್ಯಾಮ್ ಸುಂದರ್ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ ಶುರು ಮಾಡಿದ ಕಂಪನಿ. ನಮ್ಮ ಕಡೆ ಬಿ.ಕಾಂ ಮುಗಿಸಿದ ಹುಡುಗ ಟ್ಯಾಲಿ ಕಲಿಯದೆ ಇರೋದು ಕಡಿಮೆ. ಆದ್ರೆ ಟ್ಯಾಲಿ ಬರೆದಿಡೋದು ಆಗಿಹೋದ ವ್ಯವಹಾರ. ಮಾಲು ಹೋಯ್ತು, ದುಡ್ಡು ಬಂತು, ಬಾಕಿ ಉಳೀತು. ಸಿಆರ್‌ಎಂ ಬರೆದಿಡೋದು ಇನ್ನೂ ಆಗದೇ ಇರೋದನ್ನು. ಯಾರು ವಿಚಾರಿಸಿ ಹೋದ್ರು, ಯಾರಿಗೆ ಸೋಮವಾರ ಫೋನ್ ಮಾಡ್ತೀನಿ ಅಂದಿದ್ವಿ, ಯಾರು ಸಿಟ್ಟಾಗಿ ಹೋದ್ರು, ಯಾಕೆ. ಬರೀ ಉದ್ರಿ ಲೆಕ್ಕ ಸಾಕು ಅನ್ನೋರಿಗೆ ಖಾತಾಬುಕ್, ಓಕೆಕ್ರೆಡಿಟ್ ಅಂಥ ಆ್ಯಪ್‌ಗಳಿವೆ, ಅವೂ ಬೆಂಗಳೂರಿನವೇ. ಅದಕ್ಕಾಗಿ ಸಿಆರ್‌ಎಂ ಕೊಳ್ಳಬೇಕಾಗಿಲ್ಲ. ಜೇವರ್ಗಿ ಅಣ್ಣಾ, ಇದು ನಿಮಗೆ ಮೊದಲ ಉತ್ತರ.

ಈಗ ಕ್ಲೌಡ್ ಅಂದ್ರೇನು ನೋಡೋಣ. ಮೋಡ ಅಂತ ಹೆಸರಿದ್ರೂ ಆಕಾಶದಲ್ಲಿ ಏನೂ ಇಲ್ಲ. ಎಲ್ಲೋ ಒಂದು ಊರಲ್ಲಿ, ದೊಡ್ಡ ಕಟ್ಟಡದಲ್ಲಿ, ಬೇರೆಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಮಾಹಿತಿ ಇರ್ತದ. ನಾನು ತಮ್ಮನಿಗೆ ಹೇಳಿದ್ದು ಹೀಗೆ: ನೀ ತೊಗರಿ ಎಲ್ಲಿ ಇಡ್ತಿ? ಮನೆಯೊಳಗೆ ಇಟ್ಟರೆ ಹುಳ ನೋಡಬೇಕು, ಇಲಿ ನೋಡಬೇಕು, ಕಳ್ಳರನ್ನು ನೋಡಬೇಕು. ವೇರ್‌ಹೌಸ್‌ನಲ್ಲಿ ಇಟ್ಟರೆ ಚೀಲಕ್ಕೆ ಇಷ್ಟು ಅಂತ ತಿಂಗಳ ಬಾಡಿಗೆ, ಕಾಯೋದು ಅವರ ಕೆಲಸ. ಅದೇ ಸೂರಿನ ಕೆಳಗೆ ನೂರು ರೈತರ ತೊಗರಿ ಇರ್ತದ. ಆದ್ರೆ ನಿನ್ನ ಲಾಟ್ ನಿನ್ನದು, ನಿನ್ನ ರಸೀತಿ ನಿನ್ನ ಕೈಯಲ್ಲಿ.

ಕ್ಲೌಡ್ ಸಿಆರ್‌ಎಂ ನಡೆಯೋದೂ ಹೀಗೇ. ಒಂದೇ ಸಾಫ್ಟ್‌ವೇರ್, ಅದರೊಳಗೆ ಸಾವಿರಾರು ಕಂಪನಿಗಳು, ಒಬ್ಬರ ಲಾಟ್ ಇನ್ನೊಬ್ಬರಿಗೆ ಕಾಣೋದಿಲ್ಲ. ಬಾಡಿಗೆ ಚೀಲಕ್ಕಲ್ಲ, ತಲೆಗೆ. ಬಳಸುವ ಒಬ್ಬೊಬ್ಬರಿಗೂ ತಿಂಗಳಿಗೆ ಇಷ್ಟು. ಸರ್ವರ್ ಕೊಳ್ಳೋದಿಲ್ಲ, ಸಿಡಿ ಹಾಕೋದಿಲ್ಲ, ಬ್ರೌಸರ್ ಅಥವಾ ಮೊಬೈಲ್‌ನಿಂದ ಲಾಗಿನ್ ಆದ್ರೆ ಕೆಲಸ ಶುರು. ಈ ವೇರ್‌ಹೌಸ್ ಮಾತು ನೆನಪಿಡ್ರಿ, ಕೊನೆಗೆ ಮತ್ತೆ ಬರ್ತೀನಿ. ಯಾಕಂದ್ರೆ ವೇರ್‌ಹೌಸ್‌ನ ಪರೀಕ್ಷೆ ಮಾಲು ಇಡುವಾಗ ಅಲ್ಲ, ಹೊರಗೆ ತೆಗೆಯುವಾಗ.

ಇದು ಹೇಗೆ ಬಂತು ಅನ್ನೋದನ್ನು ಚಿಕ್ಕದಾಗಿ ಹೇಳ್ತೀನಿ. ಸಿಆರ್‌ಎಂ ಮೊದಲು ದೊಡ್ಡ ಕಂಪನಿಗಳ ಸಾಮಾನು. ಅಮೆರಿಕದಲ್ಲಿ 1993ರಲ್ಲಿ ಟಾಮ್ ಸೀಬೆಲ್ ಶುರು ಮಾಡಿದ ಸೀಬೆಲ್ ಸಿಸ್ಟಮ್ಸ್ ಆ ಕಾಲದ ದೊಡ್ಡ ಹೆಸರು. ಸಾಫ್ಟ್‌ವೇರ್ ಕೊಳ್ಳಬೇಕು, ನಿಮ್ಮದೇ ಸರ್ವರ್ ಇಡಬೇಕು, ಅದನ್ನು ಹೊಂದಿಸೋದಕ್ಕೆ ತಿಂಗಳುಗಟ್ಟಲೆ ಜನ ಕೂರಬೇಕು. 1999ರಲ್ಲಿ ಆರಕಲ್ ಕಂಪನಿಯಿಂದ ಹೊರಬಂದ ಮಾರ್ಕ್ ಬೆನಿಯಾಫ್ ಮತ್ತು ಜೊತೆಗಾರರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇಲ್ಸ್‌ಫೋರ್ಸ್ ಶುರು ಮಾಡಿದ್ರು. ಅವರ ಮಾತು ಸರಳ: ಸಾಫ್ಟ್‌ವೇರ್ ಕೊಳ್ಳಬೇಡಿ, ಇಂಟರ್ನೆಟ್ ಮೇಲೆ ಬಾಡಿಗೆಗೆ ಬಳಸಿ. 'ಸಾಫ್ಟ್‌ವೇರ್' ಅನ್ನೋ ಪದದ ಮೇಲೆ ಕೆಂಪು ಗೆರೆ ಎಳೆದ ಚಿಹ್ನೆ ಮಾಡಿಕೊಂಡು ಪ್ರಚಾರ ಮಾಡಿದ್ರು. ತಮಾಷೆ ಅಂದ್ರೆ, ಮಾರ್ತಿದ್ದದ್ದು ಸಾಫ್ಟ್‌ವೇರೇ. 2004ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಅವರು ಆರಿಸಿಕೊಂಡ ಸಂಕೇತ ಸಿಆರ್‌ಎಂ ಅನ್ನೋ ಮೂರು ಅಕ್ಷರ. ಕೆಲವೇ ವರ್ಷದಲ್ಲಿ ಸೀಬೆಲ್ ಅನ್ನು ಆರಕಲ್ ಕೊಂಡುಕೊಂಡಿತು.

ನಮ್ಮ ಕಡೆ ನೋಡ್ರಿ. ಶ್ರೀಧರ್ ವೇಂಬು ಮತ್ತು ಜೊತೆಗಾರರು 1996ರಲ್ಲಿ ಅಡ್ವೆಂಟ್‌ನೆಟ್ ಅಂತ ಶುರು ಮಾಡಿದ ಕಂಪನಿ 2005ರಲ್ಲಿ ಜೋಹೋ ಸಿಆರ್‌ಎಂ ತಂತು, 2009ರಲ್ಲಿ ಕಂಪನಿಯ ಹೆಸರೇ ಜೋಹೋ ಆಯ್ತು. ತಮಿಳುನಾಡಿನ ತೆಂಕಾಶಿ ಹತ್ತಿರ, ಹೊಲಗದ್ದೆಯ ನಡುವೆ ಅವರ ಆಫೀಸು ಇದೆ. ಇದನ್ನು ಕೇಳಿದಾಗಲೆಲ್ಲ ನನಗೆ ಆಳಂದ ನೆನಪಾಗ್ತದ, ನಮ್ಮಲ್ಲಿ ಯಾಕಾಗಬಾರದು ಅಂತ. ಚೆನ್ನೈನಲ್ಲಿ 2010ರಲ್ಲಿ ಗಿರೀಶ್ ಮಾತೃಭೂತಂ ಮತ್ತು ಗೆಳೆಯರು ಶುರು ಮಾಡಿದ ಫ್ರೆಶ್‌ಡೆಸ್ಕ್ ಮುಂದೆ ಫ್ರೆಶ್‌ವರ್ಕ್ಸ್ ಆಗಿ 2021ರಲ್ಲಿ ಅಮೆರಿಕದ ನಾಸ್ಡಾಕ್‌ಗೆ ಹೋಯ್ತು. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಲೀಡ್‌ಸ್ಕ್ವೇರ್ಡ್ 2022ರಲ್ಲಿ ನೂರು ಕೋಟಿ ಡಾಲರ್ ಬೆಲೆಯ ಕಂಪನಿ ಆಯ್ತು. ಅಂದ್ರೆ ಇದು ಬರೀ ಅಮೆರಿಕದ ಆಟ ಅಲ್ಲ.

ಇನ್ನು ಒಳಗೆ ಏನಿರ್ತದ? ನಾಲ್ಕು ಪದ ಗೊತ್ತಾದ್ರೆ ಮುಕ್ಕಾಲು ತಿಳಿದ ಹಾಗೆ. ಮೊದಲನೆಯದು ಲೀಡ್. ಅಂಗಡಿಗೆ ಬಂದು ರೇಟ್ ಕೇಳಿ ಹೋದವ. ಅವನು ಇನ್ನೂ ಗಿರಾಕಿ ಅಲ್ಲ. ಎರಡನೆಯದು ಕಾಂಟ್ಯಾಕ್ಟ್. ಗುರುತಾದ ಮನುಷ್ಯ, ಹೆಸರು, ನಂಬರ್, ಊರು ಎಲ್ಲ ಇದೆ. ಮೂರನೆಯದು ಡೀಲ್. ನಡೆದಿರುವ ವ್ಯವಹಾರ, ಹನಿ ನೀರಾವರಿ ಪೈಪು ಐದು ಎಕರೆಗೆ ಅಂತ. ಅದಕ್ಕೆ ಹಂತಗಳಿರ್ತಾವ: ವಿಚಾರಿಸಿದ, ರೇಟ್ ಕೊಟ್ಟೆವು, ಹೊಲ ನೋಡಿ ಬಂದೆವು, ಮುಂಗಡ ಬಂತು, ಮುಗೀತು. ನಾಲ್ಕನೆಯದು ಟಾಸ್ಕ್. ಯಾರು, ಯಾವಾಗ, ಯಾರಿಗೆ ಫೋನ್ ಮಾಡಬೇಕು.

ಇಷ್ಟನ್ನೂ ಒಂದು ಎಳೆಯಿಂದ ಕಟ್ಟೋದೇ ಸಿಆರ್‌ಎಂ ಕೆಲಸ. ಶರಣಪ್ಪ ಅನ್ನೋ ಹೆಸರು ಒತ್ತಿದ್ರೆ ಅವರ ಹಳೆ ಖರೀದಿ, ಫೋನ್ ಮಾತು, ದೂರು, ಮುಂದಿನ ಕೆಲಸ, ಎಲ್ಲ ಒಂದೇ ಪುಟದಲ್ಲಿ. ಇದು ನಿಮಗೆ ಹೊಸದೇನಲ್ಲ. ಸರ್ಕಾರದ ಫ್ರೂಟ್ಸ್‌ನಲ್ಲಿ ರೈತರಿಗೆ ಎಫ್‌ಐಡಿ ನಂಬರ್ ಕೊಟ್ಟಿದ್ದಾರಲ್ಲ? ಒಂದು ನಂಬರ್ ಹೊಡೆದ್ರೆ ಸರ್ವೆ ನಂಬರ್, ಎಕರೆ ಎಲ್ಲ ಬರ್ತದ, ಬೆಂಬಲ ಬೆಲೆಗೆ ತೊಗರಿ ಹಾಕೋವಾಗ ಅದೇ ಬೇಕಾಗ್ತದ. ಅದರ ಹಿಂದಿರೋ ಯೋಚನೆಯೂ ಇದೇ: ಒಬ್ಬ ಮನುಷ್ಯ, ಒಂದು ದಾಖಲೆ.

ಆದ್ರೆ ಫೋನ್ ಮಾಡಿ ಮಾರೋರು ಹೇಳದೇ ಇರೋದು ಒಂದಿದೆ. ಸಿಆರ್‌ಎಂ ಅನ್ನೋದು ಒಂದೇ ಸಾಮಾನಲ್ಲ, ಅದರ ಸುತ್ತ ಒಂದು ಸಂತೆ ಇದೆ. ಗಂಜ್‌ನಲ್ಲಿ ಬರೀ ತೊಗರಿ ಮಾರೋರು, ಕೊಳ್ಳೋರು ಇರ್ತಾರಾ? ಅಡತಿಯವರು, ಹಮಾಲರು, ತೂಕದವರು, ಚೀಲ ಮಾರೋರು, ಲಾರಿಯವರು, ಚಹಾದವರು. ಹಾಗೇ ಇಲ್ಲೂ.

ಮೊದಲು ಜೋಡಣೆ. ವಾಟ್ಸ್‌ಆ್ಯಪ್ ಜೋಡಿಸಬೇಕು, ಫೋನ್ ಕರೆ ಜೋಡಿಸಬೇಕು, ಟ್ಯಾಲಿ ಜೋಡಿಸಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಪುಕ್ಕಟೆ, ಆದರೆ ಸಿಆರ್‌ಎಂನಿಂದ ನೇರ ಸಾವಿರ ಜನಕ್ಕೆ ಸಂದೇಶ ಕಳಿಸೋ ದಾರಿ ಬೇರೆ, ಅದಕ್ಕೆ ಬೇರೆ ದುಡ್ಡು. ಆಮೇಲೆ ಆ್ಯಪ್‌ಗಳ ಅಂಗಡಿ. ಸೇಲ್ಸ್‌ಫೋರ್ಸ್‌ನವರ ಆ್ಯಪ್‌ಎಕ್ಸ್‌ಚೇಂಜ್, ಜೋಹೋದ ಮಾರ್ಕೆಟ್‌ಪ್ಲೇಸ್. ಬೇರೆ ಕಂಪನಿಗಳು ಮಾಡಿದ ಸಣ್ಣ ಸಣ್ಣ ಸೇರ್ಪಡೆಗಳು ಅಲ್ಲಿ ಸಿಗ್ತಾವ, ಕೆಲವು ಪುಕ್ಕಟೆ, ಕೆಲವಕ್ಕೆ ಬಾಡಿಗೆ.

ಇನ್ನೊಂದು ಪಾರ್ಟ್ನರ್‌ಗಳು. ನಿಮ್ಮ ಅಂಗಡಿಗೆ ಬಂದು ಸಿಆರ್‌ಎಂ ಹೊಂದಿಸಿ ಕೊಡೋರು. ನಿಮಗೆ ಬರೋ ಎಷ್ಟೋ ಫೋನ್ ಕರೆ ಸಾಫ್ಟ್‌ವೇರ್ ಮಾಡಿದ ಕಂಪನಿಯದ್ದೇ ಆಗಿರೋದಿಲ್ಲ, ಇಂಥವರದ್ದು. ಅವರ ಕೂಲಿ ಬೇರೆ. ತಲೆಗೆ ತಿಂಗಳಿಗೆ ಇಷ್ಟು ಅಂತ ಹೇಳಿದ ರೇಟಿನಲ್ಲಿ ಅದು ಬರೋದಿಲ್ಲ. ಅದಕ್ಕೇ ರೇಟ್ ಕೇಳುವಾಗ ಹೀಗೆ ಕೇಳ್ರಿ: "ಮೂರು ಮಂದಿಗೆ, ಒಂದು ವರ್ಷಕ್ಕೆ, ಹೊಂದಿಸೋದು, ಕಲಿಸೋದು, ವಾಟ್ಸ್‌ಆ್ಯಪ್, ಜಿಎಸ್‌ಟಿ ಎಲ್ಲ ಹಿಡಿದು ಎಷ್ಟು?" ಒಂದೇ ಅಂಕಿ ಬರೆದು ಕೊಡ್ರಿ ಅನ್ರಿ.

ಈ ಸಂತೆಯಲ್ಲಿ ನಮ್ಮ ಹುಡುಗರಿಗೂ ಜಾಗ ಇದೆ, ಇದನ್ನು ಬಿ.ಕಾಂ ತಮ್ಮಂದಿರು, ತಂಗಿಯರು ಕೇಳಿಸಿಕೊಳ್ರಿ. ಸಿಆರ್‌ಎಂ ನೋಡಿಕೊಳ್ಳೋ ಅಡ್ಮಿನ್ ಕೆಲಸಕ್ಕೆ ಕೋಡಿಂಗ್ ಬರಲೇಬೇಕು ಅಂತಿಲ್ಲ. ವ್ಯಾಪಾರ ಹೇಗೆ ನಡೀತದ, ಬಿಲ್ ಹೇಗೆ ಆಗ್ತದ, ಯಾರಿಗೆ ಏನು ಕಾಣಬೇಕು, ಇದು ತಿಳಿದಿರಬೇಕು. ಸೇಲ್ಸ್‌ಫೋರ್ಸ್‌ನವರ ಟ್ರೇಲ್‌ಹೆಡ್ ಅನ್ನೋ ಕಲಿಕೆಯ ತಾಣ 2014ರಿಂದ ಇದೆ, ಕಲಿಯೋದು ಪುಕ್ಕಟೆ, ಪರೀಕ್ಷೆಗೆ ಮಾತ್ರ ಫೀ. ಪಾಠ ಇಂಗ್ಲಿಷ್‌ನಲ್ಲಿ, ಅದು ಸ್ವಲ್ಪ ಕಷ್ಟ. ಆದ್ರೆ ಕಿರ್ದಿ, ಖತಾವಣಿ ಅರ್ಥ ಮಾಡಿಕೊಂಡ ತಲೆಗೆ ಇದು ದೊಡ್ಡದಲ್ಲ.

ಈಗ ಎರಡನೇ ಕಥೆ. ಇದನ್ನು ನಾನು ಇಲ್ಲಿ ಎಂದೂ ಹೇಳಿಲ್ಲ.

ಬಿ.ಕಾಂ ಮುಗಿಸಿ ನಾನು ಬೆಂಗಳೂರಿಗೆ ಹೋದೆ. ಮಕ್ಕಳಿಗೆ ಆನ್‌ಲೈನ್ ಪಾಠ ಮಾರೋ ಒಂದು ಕಂಪನಿ, ಹೆಸರು ಬ್ಯಾಡ. ಹೆಡ್‌ಫೋನ್ ಹಾಕ್ಕೊಂಡು ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಫೋನ್. ಮುಂದೆ ಸಿಆರ್‌ಎಂ ಪರದೆ. ಒಂದು ಕರೆ ಮುಗಿದರೆ ಮುಂದಿನ ಹೆಸರು ತಾನೇ ಬರೋದು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಂಬರ್‌ಗಳು ನನಗೇ ಬರೋ ಹಾಗೆ ಮಾಡಿದ್ರು, ನನ್ನ ಮಾತು ಅವರಿಗೆ ಹಿಡಿಸ್ತದ ಅಂತ.

ಒಂದಿನ ಅಫಜಲಪುರ ಕಡೆಯ ಒಬ್ಬ ತಾಯಿ ಫೋನ್ ಎತ್ತಿದ್ರು. ನಾನು ಎರಡು ಮಾತಾಡೋದ್ರೊಳಗೆ, "ನಮ್ಮ ಕಡ್ಯಾಂವ ಇದ್ದಂಗ ಇದ್ದಿ ಅಲ್ಲಾ ತಮ್ಮಾ?" ಅಂದ್ರು. ಹೌದವ್ವಾ ಅಂದೆ. ಅಷ್ಟು ಸಾಕಾಯ್ತು. ಮಗಳು ಏಳನೇ ಕ್ಲಾಸು, ಭಾಳ ಶಾಣೆ. ಗಂಡ ಲಾರಿ ಡ್ರೈವರ್, ಕಾಲು ಮುರಿದು ಮನೆಯೊಳಗಿದ್ದಾನೆ. ಹತ್ತಿ ಮಾರಿದ ಮೇಲೆ ನೋಡೋಣ ತಮ್ಮಾ, ಈಗ ಕೈಯಾಗ ಏನಿಲ್ಲ ಅಂದ್ರು. ಮನೆಯವನ ಹತ್ತಿರ ಹೇಳಿದ ಹಾಗೆ ಹೇಳಿದ್ರು. ನಾನು ಎಲ್ಲ ಟೈಪ್ ಮಾಡಿದೆ. ಅದು ನನ್ನ ಕೆಲಸ. ನೋಟ್ಸ್ ಚೆನ್ನಾಗಿ ಬರೀತಾನೆ ಅಂತ ನನ್ನನ್ನು ಹೊಗಳೋರು. ಹತ್ತಿ ಮಾರಿದ ಮೇಲೆ ಫೋನ್ ಅಂತ ಟಾಸ್ಕ್ ಹಾಕಿ ಬಿಟ್ಟೆ.

ತಿಂಗಳ ಕೊನೆಗೆ ಟಾರ್ಗೆಟ್ ಆಗಿರಲಿಲ್ಲ. ನನ್ನ ಕೆಲವು ಹೆಸರುಗಳನ್ನು ಇನ್ನೊಬ್ಬರಿಗೆ ಕೊಟ್ಟರು. ಅವರು ನನ್ನ ನೋಟ್ಸ್ ಓದಿಯೇ ಫೋನ್ ಮಾಡಿದ್ರು. ಗಂಡನ ಕಾಲು ಗೊತ್ತು, ಮಗಳು ಶಾಣೆ ಅಂತ ಗೊತ್ತು, ದುಡ್ಡಿಲ್ಲ ಅಂತ ಗೊತ್ತು. ಯಾವ ಮಾತು ಎಲ್ಲಿ ತಾಗ್ತದ ಅಂತ ಹುಡುಕೋ ಅಗತ್ಯವೇ ಇರಲಿಲ್ಲ, ನಾನೇ ಬರೆದು ಕೊಟ್ಟಿದ್ದೆ. ಮಗಳ ಭವಿಷ್ಯ ಹತ್ತಿ ಮಾರೋತನ ಕಾಯ್ತದಾ ಅಂತ ಕೇಳಿ, ಫೋನ್‌ನಲ್ಲೇ ಸಾಲದ ಕಂತಿಗೆ ಒಪ್ಪಿಸಿದ್ರು. ದಾಖಲೆ ಹಸಿರಾಯ್ತು. ಎರಡು ತಿಂಗಳ ಮೇಲೆ ಅದೇ ಹೆಸರಿಗೆ ದುಡ್ಡು ವಾಪಸ್ ಕೊಡ್ರಿ ಅನ್ನೋ ದೂರು ಬಂತು. ನಾನು ಆ ಪುಟ ತೆರೆದು ನೋಡಿದೆ. ಎಲ್ಲಕ್ಕಿಂತ ಕೆಳಗೆ, ಮೊದಲ ನೋಟ್ ನಂದು. ಅದರ ಮೇಲೆ ಉಳಿದದ್ದೆಲ್ಲ ಕಟ್ಟಿತ್ತು.

ಆ ಸಾಫ್ಟ್‌ವೇರ್ ತಪ್ಪು ಮಾಡ್ಲಿಲ್ಲ ನೋಡ್ರಿ. ಏನು ಮಾಡೋಕೆ ಇತ್ತೋ ಅದನ್ನೇ ಮಾಡ್ತು. ಒಬ್ಬನ ತಲೆಯಲ್ಲಿದ್ದದ್ದನ್ನು ಇಡೀ ಕಂಪನಿಯ ನೆನಪು ಮಾಡ್ತು. ಕಾಕಾ ಗಿರಾಕಿಯ ಮನೆ ವಿಷಯ ತಲೆಯಲ್ಲಿ ಇಟ್ಟುಕೊಂಡಿದ್ದು ಹೊತ್ತು ನೋಡಿ ಬಾಕಿ ಕೇಳೋಕೆ. ಅಲ್ಲಿ ಅದೇ ವಿಷಯ ಹೊತ್ತು ನೋಡಿ ಒತ್ತೋಕೆ ಬಳಕೆ ಆಯ್ತು. ನಾನು ಆಮೇಲೆ ಭಾಳ ದಿನ ಅಲ್ಲಿರಲಿಲ್ಲ.

ಅದಕ್ಕೇ ಜೇವರ್ಗಿ ಅಣ್ಣಾ, ಸಿಆರ್‌ಎಂ ಬೇಕಾ ಅನ್ನೋ ಪ್ರಶ್ನೆಗಿಂತ ಮೊದಲು ಬೇರೆ ಪ್ರಶ್ನೆ ಇದೆ: ಗಿರಾಕಿ ನಿಮ್ಮನ್ನು ನಂಬಿ ಹೇಳಿದ್ದನ್ನು ಎಷ್ಟು ಬರೀತೀರಿ, ಯಾರಿಗೆ ತೋರಿಸ್ತೀರಿ? ನನ್ನ ಅಳತೆಗೋಲು ಒಂದೇ. ಬರೆದದ್ದನ್ನು ಆ ಗಿರಾಕಿಯ ಎದುರಿಗೇ ಗಟ್ಟಿಯಾಗಿ ಓದೋಕೆ ಆಗಬೇಕು. ಓದೋಕೆ ನಾಚಿಕೆ ಆಗುವಂಥದ್ದು ಬರೀಬ್ಯಾಡ್ರಿ.

ಇದು ಬರೀ ಒಳ್ಳೆತನದ ಮಾತಲ್ಲ, ಕಾನೂನೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರ್ತಾ ಇವೆ. ಯಾಕೆ ಮಾಹಿತಿ ತಗೋತೀರಿ ಅಂತ ತಿಳಿಯುವ ಹಾಗೆ ಹೇಳಿ ಒಪ್ಪಿಗೆ ಕೇಳಬೇಕು. ಆ ನೋಟಿಸನ್ನು ಕನ್ನಡದಲ್ಲೂ ಓದುವ ಅವಕಾಶ ಗಿರಾಕಿಗೆ ಇರಬೇಕು. ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳೋದೂ ಕೊಟ್ಟಷ್ಟೇ ಸುಲಭ ಇರಬೇಕು. ಕಾಯ್ದೆಯಲ್ಲಿರೋ ಅತಿ ದೊಡ್ಡ ದಂಡ 250 ಕೋಟಿ ರೂಪಾಯಿವರೆಗೆ. ಕಿರಾಣಿ ಅಂಗಡಿಯ ಮೇಲೆ ಅದನ್ನು ಹಾಕ್ತಾರೆ ಅಂತ ಹೆದರಿಸ್ತಿಲ್ಲ. ಗಿರಾಕಿಯ ನಂಬರ್ ನಮ್ಮ ಸ್ವತ್ತಲ್ಲ ಅನ್ನೋದನ್ನು ದೇಶದ ಕಾನೂನೇ ಹೇಳ್ತಾ ಇದೆ, ಅಷ್ಟು ತಿಳ್ಕೊಂಡ್ರೆ ಸಾಕು.

ಈಗ ಕಾಕಾನ ಅಂಗಡಿಯಲ್ಲಿ ನಾವು ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀನಿ.

ಮೊದಲ ಮೂರು ತಿಂಗಳು ಯಾವ ಸಾಫ್ಟ್‌ವೇರೂ ತಗೊಳ್ಳಲಿಲ್ಲ. ಒಂದು ಎಕ್ಸೆಲ್ ಹಾಳೆ, ಐದೇ ಅಂಕಣ. ಹೆಸರು ಮತ್ತು ಊರು, ಫೋನ್, ಹೊಲ ಮತ್ತು ಬೆಳೆ, ಏನು ಒಯ್ದರು, ಮುಂದೆ ಏನು ಮಾಡಬೇಕು. ದಿನಾ ಸಂಜೆ ಶಟರ್ ಎಳೆಯೋ ಮೊದಲು ತಮ್ಮ ಬರೆಯಬೇಕು. ಮೊದಲನೇ ತಿಂಗಳು ಅರ್ಧ ದಿನ ಖಾಲಿ. ಎರಡನೇ ತಿಂಗಳು ರೂಢಿ ಆಯ್ತು. ಬರೆಯೋ ರೂಢಿ ಇಲ್ಲದ ಅಂಗಡಿಗೆ ಎಷ್ಟು ದೊಡ್ಡ ಸಿಆರ್‌ಎಂ ತಂದ್ರೂ ಅದು ಖಾಲಿ ವೇರ್‌ಹೌಸ್, ಬಾಡಿಗೆ ಮಾತ್ರ ತಪ್ಪೋದಿಲ್ಲ.

ಆಮೇಲೆ ಜೋಹೋದ ಉಚಿತ ಆವೃತ್ತಿಗೆ ಹೋದ್ವಿ. ಮೂವರವರೆಗೆ ಪುಕ್ಕಟೆ, ನಮ್ಮ ಅಂಗಡಿಯಲ್ಲಿ ಇರೋರೇ ಮೂವರು. ಅದೇ ತಗೋರಿ ಅಂತ ಹೇಳ್ತಿಲ್ಲ, ನಮಗೆ ಹೊಂದಿತು. ಸೇರೋ ಮೊದಲು ಮೂರು ಪರೀಕ್ಷೆ ಮಾಡಿದ್ವಿ, ಇದನ್ನು ಬರ್ಕೊಳ್ರಿ.

ಒಂದು, ಹೊರಗೆ ತೆಗೆಯೋ ಪರೀಕ್ಷೆ. ಇಪ್ಪತ್ತು ಸುಳ್ಳು ಹೆಸರು ಹಾಕಿ, ನೋಟ್ಸ್ ಬರೆದು, ಎಲ್ಲವನ್ನೂ ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದು ನೋಡಿದ್ವಿ. ಕನ್ನಡ ಅಕ್ಷರ ಸರಿ ಬರ್ತಾವಾ, ನೋಟ್ಸ್ ಜೊತೆಗೆ ಬರ್ತಾವಾ ಅಂತ. ನೋಟ್ಸ್ ಬೇರೆ ಫೈಲಾಗಿ ಇಳಿಸಬೇಕು ಅಂತ ಆಗಲೇ ಗೊತ್ತಾಯ್ತು. ಮಾಲು ತೆಗೆಯೋ ದಾರಿ ನೋಡದೆ ವೇರ್‌ಹೌಸ್‌ಗೆ ಚೀಲ ಹಾಕ್ತೀರಾ? ಈಗ ತಿಂಗಳಿಗೊಮ್ಮೆ ಎಲ್ಲ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡ್ತೀವಿ.

ಎರಡು, ಬೀಗದ ಕೈ ಪರೀಕ್ಷೆ. ಲಾಗಿನ್ ಯಾವ ಇಮೇಲ್ ಮೇಲೆ ಇದೆ? ಎಷ್ಟೋ ಕಡೆ ಹೊಂದಿಸಿಕೊಟ್ಟ ಹುಡುಗನ ಇಮೇಲ್ ಮೇಲೇ ಇರ್ತದ. ಅವ ಫೋನ್ ಎತ್ತೋದು ಬಿಟ್ಟ ದಿನ ಅಂಗಡಿಯ ನೆನಪೇ ಹೋಯ್ತು. ಇಮೇಲ್ ಅಂಗಡಿಯದ್ದಾಗಿರಲಿ, ಒಟಿಪಿ ಬರೋ ಸಿಮ್ ಮಾಲೀಕರ ಹೆಸರಿನದಾಗಿರಲಿ.

ಮೂರು, ಯಾರಿಗೆ ಏನು ಕಾಣ್ತದ ಅನ್ನೋದು. ಕೆಲಸದ ಹುಡುಗನಿಗೆ ಹೆಸರು, ಬೆಳೆ ಕಂಡ್ರೆ ಸಾಕು, ಎಲ್ಲರ ಬಾಕಿ ಕಾಣಬೇಕಾಗಿಲ್ಲ. ಎಲ್ಲ ಹೆಸರು ಒಟ್ಟಿಗೆ ಇಳಿಸಿಕೊಳ್ಳೋ ಅಧಿಕಾರ ಒಬ್ಬರಿಗೇ ಇರಲಿ. ಕೆಲಸ ಬಿಟ್ಟವನ ಲಾಗಿನ್ ಅವತ್ತೇ ಮುಚ್ಚಬೇಕು. ಎಷ್ಟು ಮಾಡೋಕೆ ಬರ್ತದ ಅಂತ ತಗೊಳ್ಳೋ ಮೊದಲೇ ಕೇಳ್ರಿ, ಉಚಿತ ಆವೃತ್ತಿಯಲ್ಲಿ ಎಲ್ಲ ಸಿಗೋದಿಲ್ಲ.

ಗಿರಾಕಿಗಳನ್ನು ಕೇಳಿಯೇ ಬರೆದ್ವಿ. ಒಬ್ಬ ಮುತ್ಯಾ ಕೇಳಿದ್ರು, "ನನ್ನ ಉದ್ರಿ ಒಯ್ದು ಮೋಡದಾಗ ಯಾಕ ಇಡ್ತಿಯೋ, ಮಳಿ ಬಂದ್ರ ಊರಿಗೆಲ್ಲ ಗೊತ್ತಾಗ್ತದ." ಎಲ್ಲರೂ ನಕ್ಕೆವು. ಆದ್ರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅವರ ಹೆಸರು ಇವತ್ತಿಗೂ ಕಾಗದದ ವಹಿಯಲ್ಲೇ ಇದೆ.

ಹಳೆ ವಹಿಯ ಗತಿ? ಅದನ್ನು ಬಿಡಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ದಿನಾ ರಾತ್ರಿ ಊಟ ಆದ ಮೇಲೆ ತಮ್ಮ ಕಾಕಾನ ಹಾಸಿಗೆ ಪಕ್ಕ ಕೂತು ಒಂದೊಂದೇ ಹೆಸರು ಓದ್ತಿದ್ದ. ಕಾಕಾ ಎಡಗೈ ಬೆರಳು ಎತ್ತುತಿದ್ರು. ಹೌದಾದ್ರೆ ಒಂದು, ಅಲ್ಲಾದ್ರೆ ಕೈ ಅಲ್ಲಾಡಿಸೋದು. ಚೀಲನಾ? ಅಲ್ಲ. ಸಾವಿರನಾ? ಹೌದು. ಹೀಗೆ ಹತ್ತು ಹೆಸರಿಗೆ ಒಂದು ತಾಸು. ಕಾಕಿ ಬಾಗಿಲಲ್ಲಿ ನಿಂತು, "ಆ ಶರಣಪ್ಪ ಅಲ್ಲ, ಈಚಿ ಓಣಿಯಂವ" ಅಂತ ಸೇರಿಸೋರು. ಅಂಗಡಿಗೆ ಎಂದೂ ಕೂರದ ಕಾಕಿಗೆ ಅರ್ಧ ವಹಿ ಬಾಯಿಪಾಠ ಇತ್ತು, ನಮಗೆ ಗೊತ್ತೇ ಇರಲಿಲ್ಲ.

ಒಂದು ರಾತ್ರಿ ಆ ಸಣ್ಣ ಸೊನ್ನೆಯ ಗುಟ್ಟೂ ಬಿಚ್ಚಿತು. ತಮ್ಮ, "ಹಳ್ಳದ ಶರಣಪ್ಪ, ನಾಲ್ಕು ಸಾವಿರ ಬಾಕಿ" ಅಂತ ಓದಿದ. ಕಾಕಾ ಕೈ ಅಲ್ಲಾಡಿಸಿದ್ರು. ಮೂರಾ? ಇಲ್ಲ. ಐದಾ? ಇಲ್ಲ. ಕೈಯಲ್ಲಿ ಒರೆಸಿದ ಹಾಗೆ ಮಾಡಿದ್ರು. ಕಾಕಿ ಮೆಲ್ಲಗೆ ಅಂದ್ರು, "ಬಿಟ್ಟಾರ. ಆ ವರ್ಷ ಅವರ ಮನಿಯಾಗ ಸಾವಾಗಿತ್ತು." ಪಕ್ಕದಲ್ಲಿ ಸೊನ್ನೆ ಇದ್ದ ಹೆಸರೆಲ್ಲ ಅಂಥವೇ. ಬಾಕಿ ಅಂತ ವಸೂಲಿಗೆ ಹೋಗಿದ್ರೆ ಏನಾಗ್ತಿತ್ತು ಯೋಚನೆ ಮಾಡ್ರಿ.

ಸಿಆರ್‌ಎಂನಲ್ಲಿ ಅದಕ್ಕೆ ಅಂಕಣ ಇರಲಿಲ್ಲ. ಹೊಸ ಅಂಕಣ ಸೇರಿಸೋಕೆ ಬರ್ತದ, ನಾವೇ ಸೇರಿಸಿದ್ವಿ. ಅದರ ಹೆಸರು 'ಕಾಕಾ ಬಿಟ್ಟದ್ದು'. ಅದು ತಮ್ಮನಿಗೆ ಮತ್ತು ಕಾಕಿಗೆ ಬಿಟ್ಟರೆ ಯಾರಿಗೂ ಕಾಣೋದಿಲ್ಲ. ಇವತ್ತು ನಿಮಗೆ ಹೇಳುವಾಗಲೂ ಆ ರೈತರ ಹೆಸರು ಬದಲಿಸಿದ್ದೀನಿ.

ಜೇವರ್ಗಿ ಅಣ್ಣಾ, ನಿಮಗೆ ಉತ್ತರ ಸಿಕ್ತು ಅಂದ್ಕೋತೀನಿ. ಮೂರು ತಿಂಗಳು ಹಾಳೆಯಲ್ಲಿ ಬರೀರಿ. ಆಮೇಲೆ ಫೋನ್ ಮಾಡೋರಿಗೆ, ನನ್ನ ಮಾಲು ಹೊರಗೆ ತೆಗೆಯೋದು ಹ್ಯಾಂಗ, ಮೊದಲು ಅದನ್ನ ತೋರಸ್ರಿ ಅನ್ರಿ.

ನಿಮ್ಮ ಅಂಗಡಿಯ ವಹಿಯಲ್ಲಿ ಅರ್ಥವಾಗದ ಗುರುತುಗಳಿದ್ರೆ, ಬರೆದವರು ಇನ್ನೂ ಇದ್ದಾರೆ ಅಂದ್ರೆ, ಇವತ್ತೇ ರಾತ್ರಿ ಅವರ ಪಕ್ಕ ಕೂತು ಕೇಳ್ರಿ. ಮುಂದಿನ ಸಲ ಬೆಳೆ ವಿಮೆಯ ಲೆಕ್ಕ ಹೇಗೆ ಆಗ್ತದ ಅಂತ ನೋಡೋಣ. ವಾಯ್ಸ್ ಮೆಸೇಜ್ ಕಳಿಸ್ತಾ ಇರ್ರಿ.